ಪೇಟಿ ಮಾಸ್ತರ, ಕ್ಲೆಂಪರರ್ ಮತ್ತು ನನ್ನ ಬಯೋಡೇಟಾ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ನೋಟ್ಸಿನಲ್ಲಿ ಜಯಚಾಮರಾಜ ಒಡೆಯರ್ ಅವರಿಗೆ ಮೂರು ಸಾಲು ಸಿಗುತ್ತದೆ. ಮೈಸೂರಿನ ಕೊನೆಯ ಮಹಾರಾಜರು, ರಾಜಪ್ರಮುಖರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು. ನನ್ನ ನೋಟ್ಸಿನಲ್ಲೂ ಅಷ್ಟೇ ಇತ್ತು. ನಾಲ್ಕನೆಯ ಸಾಲು ಸಿಕ್ಕಿದ್ದು ಬೇರೇನೋ ಹುಡುಕುವಾಗ: ಲಂಡನ್ನಿನ ಫಿಲ್ಹಾರ್ಮೋನಿಯಾ ಎಂಬ ದೊಡ್ಡ ವಾದ್ಯವೃಂದ ಆರಂಭದ ದಿನಗಳಲ್ಲಿ ಕಷ್ಟದಲ್ಲಿದ್ದಾಗ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಅವರೂ ಒಬ್ಬರು. 1948ರ ಸುಮಾರಿಗೆ ಅದರ ಕಛೇರಿ ಸಂಘದ ಮೊದಲ ಅಧ್ಯಕ್ಷರಾದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ತೀರಿಕೊಂಡಿದ್ದ ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದದ್ದು ಇದೇ ವಾದ್ಯವೃಂದದಿಂದ. ನಡೆಸಿದವರು ಜರ್ಮನಿಯ ಫುರ್ಟ್‌ವೆಂಗ್ಲರ್. ಆ ಕಾರ್ಯಕ್ರಮದ ಖರ್ಚಿಗೆ ಹೊಣೆ ನಿಂತವರು ನಮ್ಮ ಮಹಾರಾಜರು.

ಈ ವಾದ್ಯವೃಂದದ ಬೆನ್ನು ಹತ್ತಿದಾಗ ಸಿಕ್ಕ ಇನ್ನೊಂದು ಹೆಸರು ಓಟೋ ಕ್ಲೆಂಪರರ್. 1959ರಲ್ಲಿ ಅದರ ಪ್ರಧಾನ ಕಂಡಕ್ಟರ್ ಆಗಿ, ಜೀವಮಾನ ಪೂರ್ತಿ ಎಂಬ ಕರಾರಿನೊಂದಿಗೆ ನೇಮಕವಾದ ಜರ್ಮನ್ ಮನುಷ್ಯ. ಆಗ ಅವರಿಗೆ 74 ವರ್ಷ. ಎಪ್ಪತ್ನಾಲ್ಕಕ್ಕೆ ಪರ್ಮನೆಂಟ್ ಆರ್ಡರ್! ವಯೋಮಿತಿ ಮೀರುತ್ತದೆ ಎಂದು ನಿದ್ದೆಗೆಡುವ ನನ್ನಂಥವಳಿಗೆ ಇದಕ್ಕಿಂತ ಕುತೂಹಲದ ಸುದ್ದಿ ಬೇಕೆ? ಅವರು ಹುಟ್ಟಿದ್ದು 1885ರ ಮೇ 14. ಮುಂದಿನ ಜನವರಿ 19ಕ್ಕೆ, ಎಂಟು ತಿಂಗಳ ಅಂತರದಲ್ಲಿ, ನಮ್ಮ ಕುಂದಗೋಳದಲ್ಲಿ ರಾಮಚಂದ್ರ ಎಂಬ ಹುಡುಗ ಹುಟ್ಟಿದ. ಅವರೇ ಮುಂದೆ ಸವಾಯಿ ಗಂಧರ್ವ.

ನಾನು ಕುಂದಗೋಳ ತಾಲ್ಲೂಕಿನ ಹಳ್ಳಿಯವಳು. ಮನೆಯಲ್ಲಿ ನಾಲ್ಕು ಎಕರೆ ಎರಿ ಹೊಲ, ಹೆಸರು, ಹತ್ತಿ, ಮೆಣಸಿನಕಾಯಿ. ಸಂಗೀತದಲ್ಲಿ ಪದವಿ ಮುಗಿಸಿ ಎರಡು ವರ್ಷವಾಯಿತು. ಎಫ್‌ಡಿಎ, ಎಸ್‌ಡಿಎ, ಪಿಡಿಒ ಯಾವುದು ಕರೆದರೂ ಅರ್ಜಿ ಹಾಕುತ್ತೇನೆ. ಸಂಜೆ ಊರಿನ ಆರು ಮಕ್ಕಳಿಗೆ ಸರಿಗಮ ಹೇಳಿಕೊಡುತ್ತೇನೆ. ಹುಬ್ಬಳ್ಳಿಯ ಮಾಮಾ ಬಂದಾಗಲೆಲ್ಲ ಅಪ್ಪನ ಎದುರಿಗೇ ಕೇಳುತ್ತಾರೆ, ‘ಏನವಾ, ಹಾಡಿದ್ರ ಹೊಟ್ಟಿ ತುಂಬತೈತೇನು?’ ಅಪ್ಪ ಮಾತಾಡುವುದಿಲ್ಲ. ಕಳೆದ ಸುಗ್ಗಿಯಲ್ಲಿ ಮಾತ್ರ ಒಮ್ಮೆ, ‘ಇನ್ನೊಂದು ವರ್ಷ ನೋಡೂಣು’ ಅಂದರು. ಆ ಒಂದು ವರ್ಷದಲ್ಲಿ ಈಗ ಏಳು ತಿಂಗಳು ಉಳಿದಿದೆ. ಆದ್ದರಿಂದ ಈ ಇಬ್ಬರ ಜೀವನವನ್ನು ನಾನು ಓದಿದ್ದು ಭಕ್ತಿಯಿಂದಲ್ಲ. ಯಾವ ವಯಸ್ಸಿಗೆ ಏನು ಮಾಡುತ್ತಿದ್ದರು, ಸಂಬಳ ಎಲ್ಲಿಂದ ಬರುತ್ತಿತ್ತು, ಕೆಲಸ ಹೋದಾಗ ಏನು ಮಾಡಿದರು ಎಂದು, ಬಯೋಡೇಟಾ ಓದುವ ಹಾಗೆ ಓದಿದೆ.

ಮೊದಲು ಕಂಡಕ್ಟರ್ ಎಂದರೆ ಏನು ಎಂಬುದನ್ನು ಹೇಳಿಬಿಡುತ್ತೇನೆ. ಈ ಮಾತು ತೆಗೆದರೆ ನಮ್ಮೂರಲ್ಲಿ ವಾಯವ್ಯ ಸಾರಿಗೆ ಬಸ್ಸೇ ನೆನಪಾಗುವುದು. ಪಾಶ್ಚಾತ್ಯ ವಾದ್ಯವೃಂದದಲ್ಲಿ ಎಂಬತ್ತು ತೊಂಬತ್ತು ಜನ ಕೂತಿರುತ್ತಾರೆ. ಪಿಟೀಲು, ಕೊಳಲು, ಕಹಳೆ, ನಗಾರಿ. ಪ್ರತಿಯೊಬ್ಬರ ಮುಂದೆ ಅವರವರ ಪಾಲಿನ ಸ್ವರಲಿಪಿ. ಎಲ್ಲರ ಪಾಲೂ ಒಟ್ಟಿಗೆ ಬರೆದಿರುವ ಪುಸ್ತಕ ಇರುವುದು ಒಬ್ಬನ ಮುಂದೆ ಮಾತ್ರ, ಅವನೇ ಕಂಡಕ್ಟರ್. ಲಯ ಎಷ್ಟು, ಯಾರು ಯಾವಾಗ ಸೇರಬೇಕು, ಯಾರ ದನಿ ಯಾರದರ ಮೇಲೆ ಕೇಳಬೇಕು ಎಲ್ಲವನ್ನೂ ಅವನು ತಾಲೀಮಿನಲ್ಲೇ ತೀರ್ಮಾನಿಸಿರುತ್ತಾನೆ. ಕಾರ್ಯಕ್ರಮದ ದಿನ ಅವನು ಒಂದು ಸ್ವರವನ್ನೂ ನುಡಿಸುವುದಿಲ್ಲ. ಕೈ ಆಡಿಸುತ್ತಾನೆ, ಕಣ್ಣು ಹಾಯಿಸುತ್ತಾನೆ.

ನಮ್ಮ ಹಿಂದುಸ್ತಾನಿ ಕಛೇರಿಯಲ್ಲಿ ಇಂಥವರು ಇಲ್ಲ; ಹಾಡುವವರೇ ತಬಲಾದವರಿಗೆ ಸನ್ನೆ ಮಾಡಿಕೊಂಡು ಮುಂದೆ ಹೋಗುತ್ತಾರೆ. ಆದರೆ ನಮ್ಮ ಹಳ್ಳಿ ನಾಟಕದಲ್ಲಿ ಇದ್ದಾರೆ. ಜಾತ್ರೆಗೆ ನಾಟಕ ಹಚ್ಚಿದಾಗ ತಿಂಗಳುಗಟ್ಟಲೆ ಗುಡಿಯಲ್ಲಿ ತಾಲೀಮು ಕೊಡುವ ಪೇಟಿ ಮಾಸ್ತರರನ್ನು ನೋಡಿದ್ದೀರಲ್ಲ? ಕಾಲಲ್ಲಿ ಪೇಟಿ ಒತ್ತುತ್ತ, ಕೈಯಲ್ಲಿ ನುಡಿಸುತ್ತ, ಮಾತು ಮರೆತವನಿಗೆ ಮಾತು, ಶ್ರುತಿ ತಪ್ಪಿದವನಿಗೆ ಶ್ರುತಿ ಕೊಡುವವರು. ನಮ್ಮೂರಿನ ಮಾಸ್ತರರಿಗೆ ಕ್ಲೆಂಪರರ್ ಕಥೆ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಅವ ಮದಲ ಪೇಟಿ ಬಾರಸ್ತಿದ್ನೇನು ತಂಗಿ?’

ಸರಿಯಾದ ಪ್ರಶ್ನೆ. ಹೌದು, ಬಾರಿಸುತ್ತಿದ್ದರು. ಜರ್ಮನಿಯಲ್ಲಿ ಕಂಡಕ್ಟರ್ ಆಗುವ ಹಳೆಯ ದಾರಿ ಅದೇ. ಅಲ್ಲಿ ಬರ್ಲಿನ್‌, ಮ್ಯೂನಿಕ್‌ಗಳಲ್ಲಿ ಮಾತ್ರವಲ್ಲ, ಮಧ್ಯಮ ಊರುಗಳಲ್ಲೂ ಸಂಗೀತ ನಾಟಕದ ರಂಗಮಂದಿರ ಇರುತ್ತದೆ. ಆಪೆರಾ ಅನ್ನುತ್ತಾರೆ. ಕಲಿತು ಬಂದ ಹುಡುಗ ಮೊದಲು ಅಲ್ಲಿ ಸೇರಿ ಹಾಡುವವರಿಗೆ ಪಿಯಾನೊ ನುಡಿಸುತ್ತ ತಾಲೀಮು ಕೊಡುತ್ತಾನೆ. ಕಂಡಕ್ಟರ್ ಜ್ವರ ಬಂದು ಮಲಗಿದ ದಿನ ಇವನಿಗೆ ಒಂದು ಅವಕಾಶ. ಮುಂದೆ ಚಿಕ್ಕ ಊರಿನಲ್ಲಿ ಪೂರ್ತಿ ಜವಾಬ್ದಾರಿ, ಅಲ್ಲಿಂದ ದೊಡ್ಡ ಊರು.

ಕ್ಲೆಂಪರರ್ ಹುಟ್ಟಿದ ಬ್ರೆಸ್ಲಾವ್ ಆಗ ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಯಹೂದಿ ಕುಟುಂಬ. ಬೆಳೆದದ್ದು ಹ್ಯಾಂಬರ್ಗ್, ಕಲಿತದ್ದು ಫ್ರಾಂಕ್‌ಫರ್ಟ್ ಮತ್ತು ಬರ್ಲಿನ್. 1905ರಲ್ಲಿ, ಇಪ್ಪತ್ತನೆಯ ವಯಸ್ಸಿಗೆ, ಬರ್ಲಿನ್ನಿನಲ್ಲಿ ಗುಸ್ಟಾವ್ ಮಾಹ್ಲರ್ ಅವರ ಎರಡನೆಯ ಸಿಂಫನಿ ನಡೆಯುವಾಗ ಇವರಿಗೆ ಸಿಕ್ಕ ಕೆಲಸ ವೇದಿಕೆಯ ಹಿಂದಿನದು. ಆ ಕೃತಿಯಲ್ಲಿ ಕೆಲವು ಕಹಳೆಗಳು ಪರದೆಯ ಆಚೆಯಿಂದ, ದೂರದಿಂದ ಕೇಳಿಬರಬೇಕು. ಆ ಕಹಳೆಯವರನ್ನು ನಡೆಸುವುದು ಈ ಹುಡುಗನ ಪಾಲು. ಪ್ರೇಕ್ಷಕರಿಗೆ ಮುಖವೂ ಕಾಣದ ಕೆಲಸ. ಆದರೆ ಮಾಹ್ಲರ್ ಅಲ್ಲಿದ್ದರು. ಕ್ಲೆಂಪರರ್ ಸುಮ್ಮನೆ ಕಾಲಿಗೆ ಬಿದ್ದು ಬರಲಿಲ್ಲ. ಆ ಇಡೀ ಸಿಂಫನಿಯನ್ನು ಪಿಯಾನೊ ಒಂದರಲ್ಲೇ ನುಡಿಸಲು ಬರುವಂತೆ ಇಳಿಸಿ ಬರೆದುಕೊಂಡು, ವಿಯೆನ್ನಾಕ್ಕೆ ಹೋಗಿ, ಅದರ ಒಂದು ಭಾಗವನ್ನು ಬರೆದವರ ಎದುರಿಗೇ, ಪುಸ್ತಕ ನೋಡದೆ ನುಡಿಸಿದರು. ಮಾಹ್ಲರ್ ತಮ್ಮ ವಿಸಿಟಿಂಗ್ ಕಾರ್ಡ್ ಮೇಲೆ ನಾಲ್ಕು ಮಾತು ಶಿಫಾರಸು ಬರೆದುಕೊಟ್ಟರು. ಅದನ್ನು ಹಿಡಿದು 1907ರಲ್ಲಿ ಪ್ರಾಗ್‌ನ ಜರ್ಮನ್ ರಂಗಮಂದಿರದಲ್ಲಿ ನೌಕರಿ.

ಇದನ್ನು ಗೆಳತಿಗೆ ಹೇಳಿದಾಗ ಅವಳು, ‘ಅಂದ್ರ ವಶೀಲಿ ಆತಲ್ಲಲೇ’ ಅಂದಳು. ಆತು. ಆದರೆ ಎರಡು ತರದ ವಶೀಲಿ ಇರುತ್ತದೆ. ಒಬ್ಬರ ಕೆಲಸವನ್ನು ಅವರಷ್ಟೇ ಚೆನ್ನಾಗಿ ಓದಿಕೊಂಡು ಅವರ ಬಾಗಿಲಿಗೆ ಹೋಗುವುದು ಒಂದು. ಇನ್ನೊಂದು ತರದ್ದು ನಮಗೆಲ್ಲ ಗೊತ್ತೇ ಇದೆ.

ಅಲ್ಲಿಂದ ಮುಂದೆ ಅವರ ಬಯೋಡೇಟಾ ನಮ್ಮ ವರ್ಗಾವಣೆ ಆದೇಶಗಳ ಹಾಗಿದೆ: 1910ರಿಂದ ಹ್ಯಾಂಬರ್ಗ್, 1913ಕ್ಕೆ ಬಾರ್ಮೆನ್, 1914ಕ್ಕೆ ಸ್ಟ್ರಾಸ್‌ಬರ್ಗ್, 1917ಕ್ಕೆ ಕಲೋನ್, 1924ಕ್ಕೆ ವೀಸ್‌ಬಾಡೆನ್. ಬರ್ಲಿನ್ನಿನ ಕ್ರೋಲ್ ಆಪೆರಾದ ಮುಖ್ಯಸ್ಥರಾದದ್ದು 1927ರಲ್ಲಿ, ನಲವತ್ತೆರಡನೆಯ ವಯಸ್ಸಿಗೆ. ಪ್ರಾಗ್‌ನಿಂದ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷ, ಆರು ಊರು.

ಈಗ ಕುಂದಗೋಳಕ್ಕೆ ಬರೋಣ. ಆ ಕಾಲಕ್ಕೆ ನಮ್ಮೂರು ಬ್ರಿಟಿಷರ ನೇರ ಕೈಯಲ್ಲಿರಲಿಲ್ಲ, ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ರಾಮಚಂದ್ರನ ತಂದೆ ಗಣೇಶ ಸೌಂಶಿ, ಊರಿನ ನಾಡಗೀರ ಮನೆತನದ ರಂಗನಗೌಡರಲ್ಲಿ ಕಾರಕೂನರು. ರೈಲಿನಲ್ಲಿ ಓಡಾಡುವ ನಮಗೆ ಆ ಅಡ್ಡಹೆಸರು ಕೇಳಿದರೆ ಕುಂದಗೋಳದ ಮುಂದಿನ ಸಂಶಿ ಸ್ಟೇಷನ್ ಕಣ್ಣ ಮುಂದೆ ಬರುತ್ತದೆ. ಕಾರಕೂನನ ಮಗ ಕಾರಕೂನನಾಗಬಹುದಿತ್ತು. ಇವತ್ತಿನ ಭಾಷೆಯಲ್ಲಿ ಎಸ್‌ಡಿಎ. ಆದರೆ ನಾಡಗೀರರ ವಾಡೆಗೆ ಉಸ್ತಾದ್ ಅಬ್ದುಲ್ ಕರೀಂ ಖಾನರು ಬರುತ್ತಿದ್ದರು. ಮೈಸೂರು ಅರಮನೆಗೆ ಹೋಗಿ ಬರುವ ಅವರು ಈ ಭಾಗದಲ್ಲಿ ಉಳಿಯುತ್ತಿದ್ದರು. ಹುಡುಗ ಅವರ ಶಿಷ್ಯನಾದ. ಷರತ್ತು: ಎಂಟು ವರ್ಷ ಬಿಟ್ಟು ಹೋಗುವ ಹಾಗಿಲ್ಲ.

ಎಂಟು ವರ್ಷ! ಬಿಎ, ಎಂಎ, ಬಿಇಡಿ ಮುಗಿಸಿ ಒಂದು ವರ್ಷ ಉಳಿಯುತ್ತದೆ. ಇನ್ನೂ ಒಂದು ಮಾತು. ರಾಮಭಾವು ಅವರದು ಹುಟ್ಟಾ ಸಿಹಿ ಗಂಟಲಲ್ಲ ಎಂದು ಅವರನ್ನು ಕೇಳಿದವರು ದಾಖಲಿಸಿದ್ದಾರೆ. ದೊಡ್ಡ ಗಾಯಕರಾದ ಮೇಲೂ ಕಛೇರಿಯ ಆರಂಭದಲ್ಲಿ ದನಿ ಬಿಗಿಯಾಗಿರುತ್ತಿತ್ತು, ಕಾಯಲು ಹೊತ್ತು ಬೇಕಾಗುತ್ತಿತ್ತು. ಒಮ್ಮೆ ಕಾಯಿತೆಂದರೆ ಜನ ಏಳುತ್ತಿರಲಿಲ್ಲ. ಗಂಟಲು ಇದ್ದವರಿಗೆ ಮಾತ್ರ ಈ ವಿದ್ಯೆ ಎಂದು ಮಕ್ಕಳನ್ನು ಮೊದಲ ವಾರವೇ ವಾಪಸ್ ಕಳಿಸುವವರು ಇದನ್ನು ಗಮನಿಸಬೇಕು.

ಆಮೇಲೆ ಅವರು ಮಾಡಿದ್ದು ಗುರುಗಳಿಗೆ ಹಿಡಿಸದ ಕೆಲಸ. ಮರಾಠಿ ಸಂಗೀತ ನಾಟಕ ಕಂಪನಿ ಸೇರಿದರು. ಸ್ತ್ರೀ ಪಾತ್ರ ಮಾಡಿದರು, ಹಾಡಿದರು, ಹೆಸರು ಗಳಿಸಿದರು. ಆಗ ಬಾಲಗಂಧರ್ವರ ಕಾಲ. ಅವರಿಗಿಂತ ಕಾಲುಭಾಗ ಹೆಚ್ಚು ಎಂಬ ಅರ್ಥದಲ್ಲಿ ಅಮರಾವತಿಯ ದಾದಾಸಾಹೇಬ ಖಾಪರ್ಡೆ ಇವರಿಗೆ ‘ಸವಾಯಿ ಗಂಧರ್ವ’ ಎಂಬ ಬಿರುದು ಕೊಟ್ಟರು. ಸವಾಯಿ ಅಂದರೆ ಒಂದೂಕಾಲು. ಖಯಾಲ್ ಗಾಯಕನಿಗೆ ಆಯುಷ್ಯ ಪೂರ್ತಿ ಅಂಟಿಕೊಂಡದ್ದು ನಾಟಕದವರು ಕೊಟ್ಟ ಹೆಸರು.

ಗುರುವಿನ ಮಾತು ಮೀರಿದ್ದು ಸರಿಯೇ ಎಂದು ಸಂಗೀತದವರು ಇವತ್ತಿಗೂ ಚರ್ಚೆ ಮಾಡುತ್ತಾರೆ. ನನಗೆ ಅದರಲ್ಲಿ ಅನುಮಾನವೇ ಇಲ್ಲ. ಕಾರಕೂನನ ಮಗನಿಗೆ ಹೊಟ್ಟೆಪಾಡು ಬೇಕಿತ್ತು. ಅಂದು ಹಾಡುವವರಿಗೆ ಪಗಾರ ಕೊಡುತ್ತಿದ್ದುದು ಸಂಸ್ಥಾನಗಳು, ಇಲ್ಲವೇ ನಾಟಕ ಕಂಪನಿಗಳು. ಬಾರ್ಮೆನ್, ವೀಸ್‌ಬಾಡೆನ್‌ಗಳ ರಂಗಮಂದಿರ ಕ್ಲೆಂಪರರ್‌ಗೆ ಏನಾಗಿತ್ತೋ ನಾಟಕ ಕಂಪನಿ ಇವರಿಗೆ ಅದೇ ಆಗಿತ್ತು: ದಿನಾಲೂ ಜನರೆದುರು ನಿಲ್ಲಿಸುವ, ತಿಂಗಳ ಕೊನೆಗೆ ದುಡ್ಡು ಕೊಡುವ ಜಾಗ.

ಧಾರವಾಡ ಜಿಲ್ಲೆಯ ಸಂಗೀತಗಾರರ ಬಗ್ಗೆ ಭಾಷಣ ಶುರುವಾದರೆ ‘ಈ ಮಣ್ಣಿನ ಗುಣ, ಈ ನೀರಿನ ಗುಣ’ ಎಂಬ ಮಾತು ಬಂದೇ ಬರುತ್ತದೆ. ನನಗೆ ಆ ಮಾತು ಕೇಳಿ ಸಾಕಾಗಿದೆ. ಅದೇ ಎರಿ ಮಣ್ಣಿನಲ್ಲಿ ನಮ್ಮಪ್ಪ ಮೆಣಸಿನಗಿಡ ಹಚ್ಚುತ್ತಾರೆ. ಮಳೆ ಬರದಿದ್ದರೆ ಮಣ್ಣಿನ ಗುಣ ಏನೂ ಮಾಡುವುದಿಲ್ಲ. ಕುಂದಗೋಳದಲ್ಲಿ ಇದ್ದದ್ದು ಒಂದು ವಾಡೆ, ಅಲ್ಲಿ ಸಂಗೀತಗಾರರಿಗೆ ಊಟ, ವಸತಿ, ಕೇಳುವ ಜನ. ಸುತ್ತ ನಾಟಕ ಕಂಪನಿಗಳ ಓಡಾಟ. ಮತ್ತೆ ರೈಲು.

ರೈಲಿನ ಮಾತು ಯಾಕೆಂದರೆ ಗಂಗೂಬಾಯಿ ಹಾನಗಲ್ಲ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದದ್ದು ರೈಲಿನಲ್ಲೇ. ಸವಾಯಿ ಗಂಧರ್ವರು ನಾಟಕ ಬಿಟ್ಟು ಊರಲ್ಲಿ ನೆಲೆಸಿದ್ದ ಕಾಲ, 1930ರ ದಶಕದ ಕೊನೆ. ಗಂಗೂಬಾಯಿ ಆ ಹೊತ್ತಿಗೆ ಮಕ್ಕಳ ತಾಯಿ, ಹೊರಗೆ ಹಾಡಿ ಹೆಸರೂ ಮಾಡಿದ್ದವರು. ಆದರೂ ಮತ್ತೆ ವಿದ್ಯಾರ್ಥಿಯಾಗಿ ದಿನಾ ಅಷ್ಟು ದೂರ ಬಂದು, ಒಂದೇ ಪಲುಕನ್ನು ಗುರುಗಳಿಗೆ ಒಪ್ಪಿಗೆಯಾಗುವ ತನಕ ಹೇಳಿ, ರೈಲು ಹತ್ತಿ ಮನೆಗೆ ಹೋಗುತ್ತಿದ್ದರು. ನಾನು ಕೋಚಿಂಗ್ ಕ್ಲಾಸಿಗೆ ಅದೇ ಹಳಿಯ ಮೇಲೆ ಓಡಾಡುತ್ತೇನೆ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಗಾಡಿ ತಡವಾದಾಗ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು, ಅವರು ಕೈಯಲ್ಲಿ ಏನು ಹಿಡಿದುಕೊಂಡು ಬರುತ್ತಿದ್ದರು, ಬುತ್ತಿ ಇರುತ್ತಿತ್ತೇ ಎಂದೆಲ್ಲ ಯೋಚಿಸುತ್ತೇನೆ ಅಷ್ಟೇ.

ಅದೇ ಮನೆಯಲ್ಲಿ ಇನ್ನೊಬ್ಬ ಹುಡುಗ ಇದ್ದ. ಗದಗಿನ ಕಡೆಯವನು, ಹನ್ನೊಂದನೆಯ ವಯಸ್ಸಿಗೆ ಮನೆ ಬಿಟ್ಟು ಗುರು ಹುಡುಕುತ್ತ ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಸುತ್ತಿ ಬಂದವನು. ಗುರು ಸಿಕ್ಕಿದ್ದು ಕುಂದಗೋಳದಲ್ಲಿ. ಮನೆಗೆ ನೀರು ಹೊರುವುದೂ ಅವನ ಕೆಲಸವೇ. ಭೀಮಸೇನ ಜೋಶಿ ಅವರಿಗೆ 2008ರಲ್ಲಿ ಭಾರತರತ್ನ ಘೋಷಣೆಯಾಯಿತು. ನಮ್ಮದೇ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರು, ಮುಂಬೈಯ ಫಿರೋಜ್ ದಸ್ತೂರ್ ಕೂಡ ಇವರ ಶಿಷ್ಯರೇ.

ಇಬ್ಬರ ಬಯೋಡೇಟಾದಲ್ಲೂ ಎರಡನೆಯ ಪುಟ ಕಷ್ಟದ್ದು. ಕ್ಲೆಂಪರರ್ ಅವರ ಕ್ರೋಲ್ ಆಪೆರಾವನ್ನು 1931ರಲ್ಲಿ ಮುಚ್ಚಿದರು. ಹೊಸ ಕೃತಿಗಳನ್ನು ಆಡಿಸುತ್ತಾರೆ ಎಂಬ ಸಿಟ್ಟು ಬಲಪಂಥದವರಿಗೆ ಮೊದಲೇ ಇತ್ತು, ಸರ್ಕಾರದ ಬಳಿ ದುಡ್ಡೂ ಇರಲಿಲ್ಲ. 1933ರಲ್ಲಿ ಹಿಟ್ಲರ್ ಬಂದ. ಯಹೂದಿಯಾಗಿ ಹುಟ್ಟಿದವರಿಗೆ ಅಲ್ಲಿ ಜಾಗವಿಲ್ಲ. ಇಪ್ಪತ್ತಾರು ವರ್ಷ ಕಟ್ಟಿದ ಸೇವಾವಧಿ ಅಳಿಸಿ, ನಲವತ್ತೆಂಟನೆಯ ವಯಸ್ಸಿಗೆ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಹೊಸದಾಗಿ ಶುರು. 1939ರಲ್ಲಿ ಮೆದುಳಿನಲ್ಲಿ ಗಡ್ಡೆ. ಆಪರೇಷನ್ ಆಯಿತು, ಬಲಭಾಗಕ್ಕೆ ಪಾರ್ಶ್ವವಾಯು ಹೊಡೆಯಿತು. ಬಲಗೈಯಿಂದ ಲಯ ತೋರಿಸುವ ಮನುಷ್ಯ! ಜೊತೆಗೆ ಮನಸ್ಸಿನ ಕಾಯಿಲೆ ಮೊದಲಿಂದಲೂ ಇತ್ತು. ಕೆಲವು ತಿಂಗಳು ಆಕಾಶದಲ್ಲಿ, ಕೆಲವು ತಿಂಗಳು ಪಾತಾಳದಲ್ಲಿ. ಕರೆಯುವವರು ಕಡಿಮೆಯಾದರು. 1947ರಲ್ಲಿ ಬುಡಾಪೆಸ್ಟ್ ಆಪೆರಾ ಕರೆಯಿತು, ಮೂರು ವರ್ಷ ಅಲ್ಲಿದ್ದರು. 1951ರಲ್ಲಿ ಮಾಂಟ್ರಿಯಲ್ ವಿಮಾನ ನಿಲ್ದಾಣದಲ್ಲಿ ಬಿದ್ದು ಸೊಂಟದ ಎಲುಬು ಮುರಿಯಿತು. ಆಮೇಲೆ ಕುರ್ಚಿಯ ಮೇಲೆ ಕೂತೇ ವಾದ್ಯವೃಂದ ನಡೆಸಿದರು. ಜಗತ್ತು ಇವತ್ತು ಕೇಳುವ ಅವರ ಧ್ವನಿಮುದ್ರಿಕೆಗಳಲ್ಲಿ ಹೆಚ್ಚಿನವು ಇದೆಲ್ಲ ಆದ ಮೇಲಿನವು.

ಸವಾಯಿ ಗಂಧರ್ವರಿಗೆ ಪಾರ್ಶ್ವವಾಯು ಹೊಡೆದದ್ದು 1942ರಲ್ಲಿ. ಐವತ್ತಾರು ವರ್ಷ. ಕ್ಲೆಂಪರರ್‌ಗಿಂತ ಎರಡು ವರ್ಷ ದೊಡ್ಡ ವಯಸ್ಸಿನಲ್ಲಿ, ಅದೇ ಏಟು. ಆದರೆ ಕಂಡಕ್ಟರನ ವಾದ್ಯ ಎಂದರೆ ಬೇರೆ ಜನ; ಒಂದು ಕೈ ಸೋತರೂ ಎಂಬತ್ತು ಜನರ ನೂರರವತ್ತು ಕೈ ಗಟ್ಟಿಯಾಗಿರುತ್ತವೆ. ಗಾಯಕನ ವಾದ್ಯ ಅವನ ಮೈಯೇ. ಅದು ನಿಂತರೆ ಕಛೇರಿ ನಿಂತಂತೆ. ಸವಾಯಿ ಗಂಧರ್ವರ ಹಾಡಿಕೆ ನಿಂತಿತು. ಹತ್ತು ವರ್ಷ ಆ ಸ್ಥಿತಿಯಲ್ಲಿ ಬದುಕಿ 1952ರ ಸೆಪ್ಟೆಂಬರ್ 12ರಂದು ಪುಣೆಯಲ್ಲಿ ತೀರಿಕೊಂಡರು. ಅವರ ಧ್ವನಿಮುದ್ರಿಕೆಗಳು ಹಳೆಯ ಮೂರೂವರೆ ನಿಮಿಷದ ತಟ್ಟೆಗಳು. ದನಿ ಕಾಯಲು ಹೊತ್ತು ಬೇಕಾದ ಗಾಯಕನಿಗೆ ಮೂರೂವರೆ ನಿಮಿಷ ಎಷ್ಟು ಅನ್ಯಾಯ ಎಂದು ಲೆಕ್ಕ ಹಾಕಿ. ಅವರು ಹೇಗೆ ಹಾಡುತ್ತಿದ್ದರು ಎಂಬುದನ್ನು ನಾವು ಗಂಗೂಬಾಯಿ, ಭೀಮಸೇನರ ಗಂಟಲಿನಿಂದಲೇ ಊಹಿಸಬೇಕು. ಒಂದು ರೀತಿಯಲ್ಲಿ ಅವರೂ ಬೇರೆಯವರ ಮೂಲಕವೇ ಕೇಳಿಸಿದರು.

ಅವರ ಹೆಸರಿನ ಪುಣೆಯ ಸಂಗೀತೋತ್ಸವ 1953ರಲ್ಲಿ ಶುರುವಾಯಿತು, ಅದಕ್ಕೆ ದೇಶವೇ ಬರುತ್ತದೆ. ಕುಂದಗೋಳದ ವಾಡೆಯಲ್ಲೂ ಪುಣ್ಯತಿಥಿಯ ಹಾಡಿಕೆ ನಡೆದುಕೊಂಡು ಬಂದಿದೆ. ಗಂಗೂಬಾಯಿ, ಭೀಮಸೇನರು ಎಷ್ಟೇ ದೊಡ್ಡವರಾದರೂ ಇಲ್ಲಿಗೆ ಬಂದು ಹಾಡಿ ಹೋಗುತ್ತಿದ್ದರು. ಜಮಖಾನೆ ಹಾಸಿದ ನೆಲದ ಮೇಲೆ ಕೂತು, ಟಿಕೆಟ್ ಇಲ್ಲದೆ ಕೇಳಬಹುದಾದ ಜಾಗ. ಈ ಪುಟ ಓದುವ ಹುಬ್ಬಳ್ಳಿ, ಧಾರವಾಡದ ವಿದ್ಯಾರ್ಥಿಗಳು ಒಮ್ಮೆಯಾದರೂ ಬನ್ನಿ. ಚಹಾ ನಮ್ಮನೆಯಲ್ಲಿ ಕುಡಿಯಬಹುದು.

ಇನ್ನು 1964ರ ಒಂದು ಸಂಗತಿ. ಫಿಲ್ಹಾರ್ಮೋನಿಯಾವನ್ನು ಕಟ್ಟಿದ ವಾಲ್ಟರ್ ಲೆಗ್ ಅವರು ಅದನ್ನು ಮುಚ್ಚುವುದಾಗಿ ಪ್ರಕಟಿಸಿದರು. ವಾದಕರು ಮನೆಗೆ ಹೋಗಲಿಲ್ಲ. ತಾವೇ ಸೇರಿ, ಹೆಸರಿಗೆ ‘ಹೊಸ’ ಎಂದು ಸೇರಿಸಿ, ಸ್ವಂತ ಆಡಳಿತದ ವಾದ್ಯವೃಂದ ಮಾಡಿಕೊಂಡರು. ಎಪ್ಪತ್ತೊಂಬತ್ತರ ಕ್ಲೆಂಪರರ್ ಅವರ ಬೆನ್ನಿಗೆ ನಿಂತು ಗೌರವಾಧ್ಯಕ್ಷರಾದರು. ಆ ವಾದ್ಯವೃಂದ ಈಗಲೂ ಇದೆ. ಕ್ಲೆಂಪರರ್ 1973ರ ಜುಲೈ 6ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಇದನ್ನು ಅಪ್ಪನಿಗೆ ಹೇಳಿದೆ. ಅವರು ಎಲ್ಲ ಕೇಳಿ, ‘ಅವರಿಗೆ ಊರಿಗೊಂದು ನಾಟಕದ ಮನಿ ಇತ್ತು. ನಿನಗ ಏನೈತಿ?’ ಅಂದರು. ಮಾಮಾ ಕೇಳುವ ಪ್ರಶ್ನೆಗಿಂತ ಇದು ಒಳ್ಳೆಯ ಪ್ರಶ್ನೆ. ನಾನು ಉತ್ತರ ಹುಡುಕುತ್ತಿದ್ದೇನೆ. ಸದ್ಯಕ್ಕೆ ಆರು ಮಕ್ಕಳಿದ್ದವರು ಹನ್ನೊಂದಾಗಿದ್ದಾರೆ. ಪಕ್ಕದ ಊರಿನ ಜಾತ್ರೆ ನಾಟಕಕ್ಕೆ ತಾಲೀಮು ಕೊಡಲು ನಮ್ಮ ಪೇಟಿ ಮಾಸ್ತರರಿಗೆ ಮೊಣಕಾಲು ನೋವು. ಕಾಲಲ್ಲಿ ಒತ್ತುವುದು ಆಗುವುದಿಲ್ಲ. ‘ನೀನ ಬಾ ತಂಗಿ, ನಾ ಬಾಜೂಕ ಕುಂತು ಹೇಳ್ತೀನಿ’ ಅಂದಿದ್ದಾರೆ. ದಿನಕ್ಕೆ ಮುನ್ನೂರು ರೂಪಾಯಿ, ಊಟ. ಎಫ್‌ಡಿಎ ಪರೀಕ್ಷೆಯ ಹಾಲ್ ಟಿಕೆಟ್ ಕೂಡ ಬಂದಿದೆ. ಎರಡಕ್ಕೂ ಹೋಗುತ್ತಿದ್ದೇನೆ. ನಾಟಕದ ತಾಲೀಮು ರಾತ್ರಿ ಒಂಬತ್ತಕ್ಕೆ ಶುರು.